‘ಅದು’ ಅಂದರೆ ಯಾವುದು?

ಯುವಜನರ ಆರೋಗ್ಯ ಕೇಂದ್ರವೊಂದರಲ್ಲಿ ನಾನು ಆಪ್ತ ಸಮಾಲೋಚಕಿ. ಕಾಂಡೋಮ್ ಹೇಗೆ ಹಾಕಬೇಕು, ಮಾತ್ರೆ ಮರೆತರೆ ಏನು ಮಾಡಬೇಕು, ಇಷ್ಟು ಹೇಳಿ ಕಳಿಸಿದರೆ ನನ್ನ ಕೆಲಸ ಮುಗಿಯಿತು ಅಂತ ಮೊದಮೊದಲು ಅಂದುಕೊಂಡಿದ್ದೆ.

ಆ ಭ್ರಮೆ ಬಿಡಿಸಿದವಳು 22 ವರ್ಷದ ಒಬ್ಬ ಹುಡುಗಿ. (ಗುರುತು ಸಿಗದಂತೆ ವಿವರ ಸ್ವಲ್ಪ ಬದಲಿಸಿದ್ದೇನೆ.) ತುರ್ತು ಗರ್ಭನಿರೋಧಕ ಮಾತ್ರೆಗೆ ನಾಲ್ಕು ತಿಂಗಳಲ್ಲಿ ಮೂರನೇ ಸಲ ಬಂದಿದ್ದಳು. ನಾನು ಮತ್ತೆ ಪಾಠ ಶುರು ಮಾಡಿದೆ. ಅವಳೇ ತಡೆದಳು. “ಗೊತ್ತು ಮೇಡಂ. 72 ಗಂಟೆಯೊಳಗೆ, ಬೇಗ ತಗೊಂಡಷ್ಟೂ ಒಳ್ಳೇದು. ಸೋಂಕು ತಡೆಯಲ್ಲ.” ಎಲ್ಲ ಸರಿ. ಬ್ಯಾಗಿನಲ್ಲಿ ಕಾಂಡೋಮ್ ಕೂಡ ಇತ್ತು, ಬಿಚ್ಚದ ಪ್ಯಾಕೆಟ್.

“ಮತ್ತೆ?” ಅಂದೆ.

“ನಾನೇ ತೆಗೆದರೆ, ಇವಳಿಗೆ ಇದೆಲ್ಲ ಅಭ್ಯಾಸ ಅಂದುಕೊಳ್ಳಲ್ವಾ?”

ಮುಂದಿನ ವಾರ ಹುಡುಗನನ್ನೂ ಕರೆತಂದಳು. ಅವನ ಪರ್ಸಿನಲ್ಲೂ ಒಂದಿತ್ತು. ತಿಂಗಳುಗಟ್ಟಲೆ ಅಲ್ಲೇ ಕೂತು ಚಪ್ಪಟೆಯಾಗಿ, ಅಂಚು ಸವೆದಿತ್ತು. ಬಿಸಿಗೆ, ಉಜ್ಜಾಟಕ್ಕೆ ರಬ್ಬರ್ ಹಾಳಾಗುತ್ತೆ, ಅದನ್ನು ಎಸೆಯಲು ಹೇಳಿದೆ. ಯಾಕೆ ತೆಗೆಯಲಿಲ್ಲ ಅಂದರೆ, “ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಕೇಳ್ತಾಳೇನೋ” ಅಂದ. ಇಬ್ಬರಿಗೂ ಬೇಕಿತ್ತು. ಇನ್ನೊಬ್ಬರಿಗೆ ಬೇಡ ಅಂತ ಇಬ್ಬರೂ ಸುಮ್ನೆ ಇದ್ದರು!

ಜೊತೆಗೆ ‘ನಮಗೇನೂ ಆಗಲ್ಲ’ ಅನ್ನುವ ಧೈರ್ಯ ಬೇರೆ. ಕೆಟ್ಟದ್ದು ತಮಗಿಂತ ಸಹಪಾಠಿಗಳಿಗೇ ಆಗುವ ಸಾಧ್ಯತೆ ಜಾಸ್ತಿ ಅಂತ ಕಾಲೇಜು ವಿದ್ಯಾರ್ಥಿಗಳು ನಂಬುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ನೀಲ್ ವೈನ್‌ಸ್ಟೀನ್ 1980ರಲ್ಲೇ ತೋರಿಸಿದ್ದರು. ಒಂದು ಸಲ ಏನೂ ಆಗದಿದ್ದರೆ ಆ ಧೈರ್ಯ ಇನ್ನಷ್ಟು ಬಲಿಯುತ್ತೆ. ಕಾಂಡೋಮನ್ನು ಪ್ರತಿ ಸಲ, ಸರಿಯಾಗಿ ಬಳಸಿದರೆ ವರ್ಷಕ್ಕೆ 100 ಹೆಂಗಸರಲ್ಲಿ ಸುಮಾರು 2 ಜನ ಗರ್ಭ ಧರಿಸುತ್ತಾರೆ. ಜನ ನಿಜವಾಗಿ ಬಳಸುವ ರೀತಿಯಲ್ಲಿ ಸುಮಾರು 13. ಈ ವ್ಯತ್ಯಾಸಕ್ಕೆ ರಬ್ಬರನ್ನು ಬೈಯುವ ಹಾಗಿಲ್ಲ. ‘ಇವತ್ತೊಂದಿನ ಪರವಾಗಿಲ್ಲ’ ಅನ್ನುವುದೂ ಆ ಲೆಕ್ಕದೊಳಗೇ ಇದೆ.

ಸೋಂಕಿನ ಚಿತ್ರ ತೋರಿಸಿ ಹೆದರಿಸಿಯೂ ನೋಡಿದ್ದೆ. ಮುಖ ತಿರುಗಿಸಿದರು, ಅಷ್ಟೇ.

ಈಗ ಪಾಠ ಕಡಿಮೆ. ಬಾಯಿಬಿಟ್ಟು ಹೇಳಿಸುತ್ತೇನೆ. ಮೈ ಬಿಸಿಯಾದ ಮೇಲೆ ಲೆಕ್ಕಾಚಾರವೇ ಬೇರೆ, ಅದಕ್ಕೇ ಮಾತು ಮೊದಲೇ ಆಗಬೇಕು, ಟೀ ಕುಡಿಯುವಾಗಲೋ ನಡೆಯುವಾಗಲೋ. ಅವತ್ತು ಆ ಹುಡುಗಿಗೂ ಹೇಳಲು ಹೇಳಿದೆ. “ಅದು... ಇದ್ರೆ ಮಾತ್ರ” ಅಂದಳು. ಹುಡುಗ ನಕ್ಕ. ಅವಳೂ ನಕ್ಕಳು. ಮೂರನೇ ಪ್ರಯತ್ನಕ್ಕೆ ಪೂರ್ತಿ ಪದ ಬಂತು.

ನಾನೂ ಬೀಗಿದೆ. ಅವರು ಹೋದ ಮೇಲೆ, ಮೂಲೆಯಲ್ಲಿ ಫೈಲ್ ಜೋಡಿಸುತ್ತಿದ್ದ ನರ್ಸ್ ಅಕ್ಕ ಕೇಳಿದರು: “ಎಲ್ಲ ಸರಿ, ನೀವು ಯಾಕೆ ಆ ಪದ ಬಂದಾಗಲೆಲ್ಲ ದನಿ ಇಳಿಸ್ತೀರಿ?”

ಮಧ್ಯಾಹ್ನ ಬಂದ ಮೊದಲ ಹುಡುಗನಿಗೆ ಪೂರ್ತಿ ದನಿಯಲ್ಲಿ “ಕಾಂಡೋಮ್” ಅಂದೆ. ಬಾಗಿಲು ತೆರೆದೇ ಇತ್ತು. ಹೊರಗೆ ಯಾರೋ ಕೆಮ್ಮಿದರು.