ಯೊಯಿಚಿಗೆ ಹೊಗೆವಾಸನೆಯ ವಿಸ್ಕಿ ಸವಿಯಲು ಹೊರಟವರಿಗೆ

ಜಪಾನಿನ ಪೀಟೆಡ್ (ಪೀಟ್ ಎಂಬ ಜೌಗುಮಣ್ಣು ಉರಿಸಿದ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡಿದ) ವಿಸ್ಕಿಯನ್ನು ಸಾವಧಾನವಾಗಿ ಸವಿದು, ಅದರ ಗುಣ ಅಳೆಯಬೇಕೆಂದಿದ್ದರೆ ಹೊಕ್ಕೈಡೊ ದ್ವೀಪದ ಯೊಯಿಚಿಯಲ್ಲಿರುವ ನಿಕ್ಕಾ ಕಂಪನಿಯ ಡಿಸ್ಟಿಲರಿಗೇ (ವಿಸ್ಕಿ ಭಟ್ಟಿಗೇ) ಹೋಗಿ. ದ್ವೀಪದ ದೊಡ್ಡ ನಗರ ಸಪ್ಪೊರೊದ ಬಾರುಗಳಲ್ಲಿ ಹಣ ಸುರಿಯಬೇಡಿ. ಸುಸುಕಿನೊ ಬಡಾವಣೆಯ ಒಂದು ಬಾರಿನಲ್ಲಿ ಪಟ್ಟಿಯ ಬೆಲೆ ನೋಡಿ ಎರಡು ಬಗೆ ಕೇಳಿದೆವು. ಬಂದದ್ದು 15 ಮಿ.ಲೀ.ನ ಅರ್ಧ ಅಳತೆ. ಕೇಳದೆಯೇ ತಂದಿಟ್ಟ ಒಂದು ಹಿಡಿ ಕಡಲೆಗೆ ಬೇರೆ ಲೆಕ್ಕ, ಕುಳಿತ ಕುರ್ಚಿಗೆ ಇನ್ನೊಂದು ಲೆಕ್ಕ. ಆಸನ ಶುಲ್ಕ ಪಡೆಯುವುದು ಅಲ್ಲಿನ ರೂಢಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಲ್ಲಿಯೂ ಬರೆಯದೆ, ಬಾಯಿಬಿಟ್ಟು ಹೇಳದೆ ಬಿಲ್ಲಿಗೆ ಸೇರಿಸುವುದು ಮೋಸ. ಬಾಗಿಲಲ್ಲೇ ನಿಂತು ‘ಚಾಜಿ ವಾ ಇಕುರಾ ದೆಸು ಕಾ’ (ಆಸನ ಶುಲ್ಕ ಎಷ್ಟು?) ಎಂದು ಕೇಳಿ. ಲೋಟದ ಅಳತೆಯನ್ನೂ ಕೇಳಿ, ಪೂರ್ತಿ ಅಳತೆಯೆಂದರೆ ಸಾಮಾನ್ಯವಾಗಿ 30 ಮಿ.ಲೀ.

ಸಪ್ಪೊರೊದಿಂದ ಒತಾರುವಿನ ತನಕ ರೈಲು ಪ್ರಯಾಣ ಸುಖಕರ. ಅಲ್ಲಿ ಬದಲಾಯಿಸಿ ಹತ್ತಬೇಕಾದ ಡೀಸೆಲ್ ರೈಲಿನದೇ ಕಷ್ಟ. ಬೋಗಿಗಳು ಒಂದೆರಡು, ಹಿಮಕ್ರೀಡೆಯ ತಾಣ ನಿಸೆಕೊ ಕಡೆಗೆ ಹೊರಟ ಪ್ರವಾಸಿಗರ ದೊಡ್ಡ ಪೆಟ್ಟಿಗೆಗಳು ಬಾಗಿಲ ತನಕ. ಸುಮಾರು 25 ನಿಮಿಷದ ದಾರಿಯನ್ನು ಒಬ್ಬರ ಮೊಣಕೈ ನನ್ನ ಪಕ್ಕೆಗೆ ಒತ್ತಿರುವಂತೆಯೇ ಕಳೆದೆ. ನೂಕುನುಗ್ಗಲು ನನಗೆ ಸಹಿಸದು. ನಿಮಗೂ ಹಾಗೇ ಆದರೆ ಸಪ್ಪೊರೊದಿಂದ ಯೊಯಿಚಿಗೆ ನೇರ ಬಸ್ ಇದೆ, ಅದನ್ನೇ ಹಿಡಿಯಿರಿ. ರೈಲುಗಳ ನಡುವಿನ ಅಂತರವೂ ದೊಡ್ಡದು, ಆದ್ದರಿಂದ ಮರಳುವ ವೇಳೆಯನ್ನು ಮೊದಲೇ ಗುರುತು ಹಾಕಿಕೊಳ್ಳಿ. ಶಿಂಕಾನ್ಸೆನ್ (ಬುಲೆಟ್ ರೈಲು) ಸಪ್ಪೊರೊ ಮುಟ್ಟುವಾಗ ಈ ಹಳಿಯನ್ನು ಮುಚ್ಚಿ ಬಸ್ ಓಡಿಸುವ ತೀರ್ಮಾನವೂ ಆಗಿದೆ. ಬಾಡಿಗೆ ಕಾರಿನ ಯೋಚನೆಯೇ ಬೇಡ. ಕುಡಿದು ಓಡಿಸಿದವನಿಗೆ ಮಾತ್ರವಲ್ಲ, ಗೊತ್ತಿದ್ದೂ ಅವನ ಕಾರಿನಲ್ಲಿ ಕುಳಿತವರಿಗೂ ಅಲ್ಲಿ ಶಿಕ್ಷೆಯಿದೆ. ಚಾಲಕನಿಗೆ ಡಿಸ್ಟಿಲರಿಯಲ್ಲಿ ತಂಪು ಪಾನೀಯವಷ್ಟೇ ಸಿಗುತ್ತದೆ.

ನಿಲ್ದಾಣದಿಂದ ಹೊರಬಂದು ಕೆಲವೇ ನಿಮಿಷ ನಡೆದರೆ ನಿಕ್ಕಾ ಕಂಪನಿಯ ಕಲ್ಲಿನ ಹೆಬ್ಬಾಗಿಲು. ಒಳಗಿನ ಮಾರ್ಗದರ್ಶಿತ ಸುತ್ತಾಟಕ್ಕೆ ಆನ್‌ಲೈನಿನಲ್ಲಿ ಮುಂಗಡ ಕಾದಿರಿಸಲೇಬೇಕು. 1918ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ವಿಸ್ಕಿ ತಯಾರಿಕೆ ಕಲಿತು, ಅಲ್ಲಿನ ರೀಟಾಳನ್ನು ಮದುವೆಯಾಗಿ ಮರಳಿದ ಮಸತಾಕಾ ತಾಕೆತ್ಸುರು 1934ರಲ್ಲಿ ಕಟ್ಟಿದ ಜಾಗ ಇದು. ವಿಸ್ಕಿ ಮಾಗುವ ತನಕ ಸೇಬಿನ ರಸ ಮಾರಿ ಕಂಪನಿಯನ್ನು ನಡೆಸಿದರು. ನನ್ನನ್ನು ಅಲ್ಲಾಡದಂತೆ ನಿಲ್ಲಿಸಿದ್ದು ಭಟ್ಟಿ ಮನೆ. ತಾಮ್ರದ ಹಂಡೆಗಳ ಕೊರಳಿಗೆ ಶಿಂಟೊ ದೇಗುಲಗಳಲ್ಲಿ ಕಟ್ಟುವಂಥ ಹುಲ್ಲಿನ ಹಗ್ಗ, ಕೆಳಗೆ ಕಲ್ಲಿದ್ದಲಿನ ನೇರ ಬೆಂಕಿ. ಬೇರೆಡೆ ಈಗ ಹೆಚ್ಚಾಗಿ ಹಬೆಯಿಂದ ಕಾಯಿಸುತ್ತಾರೆ, ಇಲ್ಲಿ ಸಲಿಕೆಯಿಂದ ಕಲ್ಲಿದ್ದಲು ಎಸೆಯುತ್ತಾರೆ. ಹಂಡೆಯ ತಳ ವಿಪರೀತ ಕಾದು, ಒಳಗಿನ ದ್ರವ ತುಸು ಸೀದು, ಅದರಿಂದ ಬರುವ ಸುಟ್ಟ ರುಚಿ ಪೀಟ್ ಹೊಗೆಯ ಜೊತೆ ಬೆರೆಯುತ್ತದೆ.

ಸುತ್ತಾಟದ ಕೊನೆಯಲ್ಲಿ ಮೂರು ಲೋಟ ಉಚಿತ: ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಬಾರ್ಲಿ ವಿಸ್ಕಿ) ಯೊಯಿಚಿ, ಸೂಪರ್ ನಿಕ್ಕಾ ಮತ್ತು ಆ್ಯಪಲ್ ವೈನ್. ಮೂರನೆಯದು ಬಹಳ ಸಿಹಿ, ಅದನ್ನು ಕೊನೆಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಾಲಗೆಗೆ ಹೊಗೆಯ ಸುಳಿವೇ ಹತ್ತುವುದಿಲ್ಲ.

ಊಟಕ್ಕೆ ನಿಲ್ದಾಣದ ಹತ್ತಿರದ ಕಾಕಿಜಾಕಿ ಶೋತೆನ್. ಕೆಳಗೆ ಮೀನಂಗಡಿ, ಮಹಡಿಯಲ್ಲಿ ಊಟದ ಮನೆ. ಅಲಂಕಾರ ಏನೂ ಇಲ್ಲ, ಸರದಿ ನಿಲ್ಲಬೇಕು, ನಾನು ಸರದಿಗೆ ನಿಂತು ತಿಂದ ಒಂದೇ ಜಾಗ ಇದು. ಸುಟ್ಟ ಹೊಕ್ಕೆ ಮೀನು ತಟ್ಟೆಯಿಂದ ಹೊರಚಾಚಿ ಬಂತು. ಚರ್ಮ ಗರಿಗರಿ, ಒಳಗೆ ಎಣ್ಣೆಯೊಸರುವ ಬಿಳಿ ಮಾಂಸ, ಬಿಸಿ ಅನ್ನ, ಮಿಸೊ ಸಾರು. ಪಕ್ಕದ ಮೇಜಿನವರು ಅನ್ನದ ಮೇಲೆ ಸಾಲ್ಮನ್ ಮತ್ತು ಅದರ ಮೊಟ್ಟೆ ಸುರಿದ ಬಟ್ಟಲು ತರಿಸಿದ್ದರು. ಅದನ್ನೂ ತರಿಸಿಕೊಂಡೆ, ಉಪ್ಪು ಹದವಾಗಿತ್ತು. ಎರಡಕ್ಕೂ ಸೇರಿ ಕೊಟ್ಟದ್ದು ಆ ಬಾರಿನ ಒಂದು ಸಂಜೆಯ ಬಿಲ್ಲಿಗಿಂತ ಬಹಳ ಕಡಿಮೆ. ಸಸ್ಯಾಹಾರಿಗಳಿಗೆ ಇಲ್ಲಿ ಏನೂ ಇಲ್ಲ, ಸಾರಿಗೂ ಮೀನೇ ಆಧಾರ. ಬುತ್ತಿ ಕಟ್ಟಿಕೊಂಡೇ ಹೋಗಿ.

ಊಟವಾದ ಕೂಡಲೇ ಲೋಟ ಹಿಡಿಯಬೇಡಿ. ಸೋಯಾ, ವಸಾಬಿಗಳ ಖಾರ ನಾಲಗೆಯಿಂದ ಇಳಿಯಲಿ. ಆಮೇಲೆ ಡಿಸ್ಟಿಲರಿಯ ಮ್ಯೂಸಿಯಮ್ಮಿನೊಳಗಿನ ಹಣ ಕೊಟ್ಟು ಸವಿಯುವ ಕೌಂಟರಿಗೆ ಮರಳಿ, ಅಲ್ಲಿ ‘ಪೀಟಿ ಅಂಡ್ ಸಾಲ್ಟಿ’ ಎಂಬ ಯೊಯಿಚಿ ವಿಸ್ಕಿ ಇದ್ದರೆ ಅದನ್ನೇ ಕೇಳಿ. ಇದರಲ್ಲಿ ಶೇ. 55 ಆಲ್ಕೋಹಾಲ್ ಇದೆ, ಮೂಗನ್ನು ಲೋಟದೊಳಗೆ ಇಳಿಸಬೇಡಿ, ಅಂಚಿನ ಮೇಲಿಂದ ಬಾಯಿ ತುಸು ತೆರೆದು ಮೂಸಿ. ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿಗಳ ಆಸ್ಪತ್ರೆಯಂಥ ಅಯೋಡಿನ್ ವಾಸನೆ ಇಲ್ಲಿಲ್ಲ. ಮಲೆನಾಡಿನ ಬಚ್ಚಲೊಲೆಯಲ್ಲಿ ಬೆಂಕಿ ಆರುತ್ತಾ ಬಂದಾಗ ಏಳುವ ಹೊಗೆಯೇ ಮೊದಲು ಮೂಗಿಗೆ ಬಂತು, ಹಿಂದೆಯೇ ಪೇರಳೆಯಂಥ ಹಣ್ಣು, ನುಂಗಿದ ಮೇಲೆ ಉಪ್ಪು. ಒಂದು ಗುಟುಕಿನ ನಂತರ ಕೆಲವು ಹನಿ ನೀರು ಹಾಕಿ, ಹಣ್ಣು ಮುಂದೆ ಬರುತ್ತದೆ, ಹೊಗೆ ಬಾಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದೇ ನನಗೆ ಮುಖ್ಯ ಅಳತೆ. ನಮ್ಮ ಬೆಂಗಳೂರಿನ ಅಮೃತ್ ಪೀಟೆಡ್ ಇದಕ್ಕಿಂತ ದಪ್ಪ, ಸಿಹಿ ಹೆಚ್ಚು. ಸೆಕೆಯ ಊರಿನಲ್ಲಿ ಬೇಗ ಮಾಗುವುದರ ಗುಣ ಅದು. ಯೊಯಿಚಿಯದು ಚಳಿಯಲ್ಲಿ ನಿಧಾನ ಮಾಗಿದ, ತೆಳ್ಳನೆಯ ಆದರೆ ಉದ್ದದ ರುಚಿ. ನನ್ನ ಮತ ಯೊಯಿಚಿಗೆ.

ಬಾಟಲಿ ಕೊಳ್ಳುವವರು ಪೇಟೆಯ ಉಡುಗೊರೆ ಅಂಗಡಿಗಳಲ್ಲಿ ಎಚ್ಚರವಾಗಿರಿ. ಜಪಾನಿನ ಉತ್ಪಾದಕರ ಸಂಘ 2021ರಲ್ಲಿ ಮಾಡಿದ ನಿಯಮದಂತೆ ‘ಜಪಾನೀಸ್ ವಿಸ್ಕಿ’ ಎಂದು ಬರೆಯಬೇಕಾದರೆ ಭಟ್ಟಿ ಇಳಿಸಿದ್ದು, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿಸಿದ್ದು, ಬಾಟಲಿಗೆ ತುಂಬಿದ್ದು ಎಲ್ಲವೂ ಜಪಾನಿನಲ್ಲೇ ಆಗಿರಬೇಕು. ಇದು ಸಂಘದ ನಿಯಮವೇ ಹೊರತು ಸರ್ಕಾರದ ಕಾನೂನಲ್ಲ. ಚೀಟಿಯ ಮೇಲೆ ಸಮುರಾಯ್, ಫ್ಯೂಜಿ ಪರ್ವತ ಇದ್ದ ಮಾತ್ರಕ್ಕೆ ಒಳಗಿನದು ಅಲ್ಲಿಯದೆಂದು ನಂಬಬೇಡಿ, ‘ಜಪಾನೀಸ್ ವಿಸ್ಕಿ’ ಎಂಬ ಪದಗಳು ಇವೆಯೇ ನೋಡಿ. ನಿಕ್ಕಾ ಕಂಪನಿಯೇ ತನ್ನ ‘ಫ್ರಮ್ ದ ಬ್ಯಾರೆಲ್’ ಎಂಬ ವಿಸ್ಕಿ ಈ ನಿಯಮಕ್ಕೆ ಹೊಂದುವುದಿಲ್ಲವೆಂದು ತೆರೆದು ಹೇಳಿದೆ, ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆ. ಊರಿಗೆ ತರುವಾಗ ಭಾರತದ ಸುಂಕದ ಮಿತಿ ತಲಾ 2 ಲೀಟರ್. ಡಿಸ್ಟಿಲರಿಯಲ್ಲಿ ಕೊಂಡದ್ದನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಪೆಟ್ಟಿಗೆಗೇ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ.