ಧ್ವಜಸ್ತಂಭದ ಎತ್ತರ 17.4 ಮೀಟರ್

ಹಾಸನದ ನಮ್ಮ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ಉತ್ತರಪತ್ರಿಕೆ ತಿದ್ದಲು ಎರಡು ಪೆನ್ನು ಇಟ್ಟುಕೊಳ್ಳುತ್ತಿದ್ದರು. ಕೆಂಪು ಪೆನ್ನು ಅಂಕಕ್ಕೆ. ಹಸಿರು ಪೆನ್ನು, ತಪ್ಪು ಹುಟ್ಟಿದ ಸಾಲಿನ ಪಕ್ಕ ಒಂದು ಚುಕ್ಕಿ ಇಡುವುದಕ್ಕೆ. ಏಕೆ ಹುಟ್ಟಿತು ಎಂದು ಬರೆಯುತ್ತಿರಲಿಲ್ಲ, ಅದನ್ನು ಮರುದಿನ ಕ್ಲಾಸೇ ಪತ್ತೆ ಮಾಡಬೇಕು. ಹೆಸರು ಹೇಳದೆ ತಪ್ಪು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, "ಈ ಮಹಾನುಭಾವರು ಏನು ಯೋಚನೆ ಮಾಡಿರಬಹುದು, ಹೇಳ್ರಪ್ಪಾ" ಎನ್ನುತ್ತಿದ್ದರು. ಯಾರೆಂದು ಕೇಳುವ ಅಗತ್ಯವೇ ಇರುತ್ತಿರಲಿಲ್ಲ. ಯಾರು ಕಿಟಕಿಯಾಚೆ ಅಷ್ಟು ಆಸಕ್ತಿಯಿಂದ ನೋಡುತ್ತಿದ್ದರೋ ಅವರದೇ. ಹೈಸ್ಕೂಲಿನ ಮಕ್ಕಳು ಸುಮ್ಮಸುಮ್ಮನೆ ತಪ್ಪು ಮಾಡುವುದಿಲ್ಲ, ಎಲ್ಲೋ ಸರಿಯಾಗಿದ್ದ ನಿಯಮವೊಂದನ್ನು ತಪ್ಪು ಜಾಗಕ್ಕೆ ಹೊತ್ತು ತಂದಿರುತ್ತಾರೆ ಎಂಬುದು ಅವರ ನಂಬಿಕೆ. ಬಹುಪಾಲು ನಿಜವೂ ಹೌದು.

(a + b)² ಎಂದರೆ a² + b² ಎಂದು ಬರೆಯುವುದನ್ನೇ ನೋಡಿ. 2(a + b) = 2a + 2b ಎಂದು ಹಿಂದಿನ ತರಗತಿಗಳಲ್ಲಿ ಕಲಿತದ್ದು ಸರಿಯೇ. ಆವರಣದ ಹೊರಗಿರುವುದು ಒಳಗಿನ ಎರಡಕ್ಕೂ ಹಂಚಿಹೋಗುತ್ತದೆ ಎಂದು ಕೈಗೆ ರೂಢಿಯಾಗಿರುತ್ತದೆ. ವರ್ಗದ ಚಿಹ್ನೆಯನ್ನೂ ಕೈ ಹಾಗೆಯೇ ಹಂಚಿಬಿಡುತ್ತದೆ. ಮೇಷ್ಟ್ರು ಸೂತ್ರವನ್ನು ಹತ್ತು ಸಲ ಬರೆಸುತ್ತಿರಲಿಲ್ಲ, ಬೋರ್ಡಿನ ಮೇಲೆ 30×40 ಸೈಟು ಬರೆಯುತ್ತಿದ್ದರು. ಉದ್ದಕ್ಕೂ ಅಗಲಕ್ಕೂ 10 ಅಡಿ ಸೇರಿಸಿಕೊಂಡರೆ ಎಷ್ಟಾಯಿತು? 1200ಕ್ಕೆ 10×10 ಸೇರಿಸಿ 1300 ಎನ್ನುವವರು ಒಂದಿಬ್ಬರಾದರೂ ಸಿಗುತ್ತಿದ್ದರು. ಆದರೆ 40×50 ಎಂದರೆ 2000 ಚದರಡಿ. ಉಳಿದ 700 ಅಡಿ ಎಲ್ಲಿ? ಒಂದು ಬದಿಗೆ 30×10ರ ಪಟ್ಟಿ, ಇನ್ನೊಂದು ಬದಿಗೆ 40×10ರ ಪಟ್ಟಿ. ಮೂಲೆಯ ಚಿಕ್ಕ ಚೌಕ ಎಲ್ಲರಿಗೂ ಕಾಣುತ್ತದೆ, ಪಟ್ಟಿಗಳು ಕಾಣುವುದಿಲ್ಲ. "ಸಾರ್, ಯಾರಿಗೂ ಬೇಡವಾದ್ರೆ ಆ 700 ಅಡಿ ನನ್ನ ಹೆಸರಿಗೆ ಮಾಡ್ಸಿಬಿಡಿ" ಎಂದು ಹಿಂದಿನ ಬೆಂಚು. ಆಮೇಲೆ (5 + 3)²: 25, 9, ಮತ್ತು 15ರ ಎರಡು ಪಟ್ಟಿ, ಒಟ್ಟು 64. 2ab ಎಲ್ಲಿಂದ ಬಂತು ಎಂದು ಮತ್ತೆ ಯಾರೂ ಕೇಳುತ್ತಿರಲಿಲ್ಲ.

3x = 12 ಇದ್ದರೆ x = 9 ಎಂಬ ಉತ್ತರವೂ ಇದೇ ಜಾತಿಯದು. 'ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ' ಎಂಬ ಪಾಠದ ಫಲ. ಇದಕ್ಕೆ ಅವರ ಮದ್ದು ಸರಳ: ಪಕ್ಷಾಂತರ ಸಂಪೂರ್ಣ ನಿಷೇಧ. 'ಎರಡೂ ಕಡೆ 3ರಿಂದ ಭಾಗಿಸಿದಾಗ' ಎಂದು ಪೂರ್ತಿ ಬರೆಯಬೇಕು.

ವರ್ಗ ಸಮೀಕರಣದಲ್ಲಿ ಪಠ್ಯದ ರೈಲಿನ ಲೆಕ್ಕವೊಂದಿದೆ. 360 ಕಿ.ಮೀ. ದೂರ, ವೇಗ ಗಂಟೆಗೆ 5 ಕಿ.ಮೀ. ಹೆಚ್ಚಾಗಿದ್ದರೆ ಪ್ರಯಾಣ ಒಂದು ಗಂಟೆ ಕಡಿಮೆ ಆಗುತ್ತಿತ್ತು. 360/x − 360/(x + 5) = 1 ಎಂದು ಬರೆದು ಸರಳೀಕರಿಸಿದರೆ x² + 5x − 1800 = 0. ಸೂತ್ರದಲ್ಲಿ ವರ್ಗಮೂಲದೊಳಗೆ 25 + 7200, ಅಂದರೆ 7225. ಅದರ ವರ್ಗಮೂಲ 85. ಇಲ್ಲಿಯವರೆಗೆ ಎಲ್ಲರೂ ಕ್ಷೇಮ. ಮುಂದೆ ಭಿನ್ನರಾಶಿಯ ಗೆರೆ: ಮೇಲೆ −5 + 85, ಕೆಳಗೆ 2. ಅದನ್ನು −5ರ ಕೆಳಗಿಂದಲೇ ಎಳೆಯದೆ ಬರೀ 85ರ ಕೆಳಗೆ ಗೀಚಿದವರಿಗೆ ವೇಗ 37.5 ಬರುತ್ತದೆ. ನೋಡಲು ಮರ್ಯಾದಸ್ಥ ಸಂಖ್ಯೆ, ಹಾಗಾಗಿ ಅನುಮಾನವೇ ಹುಟ್ಟುವುದಿಲ್ಲ. ಹಾಕಿ ನೋಡಿದರೆ ಗೊತ್ತಾಗುತ್ತದೆ: 360ನ್ನು 37.5ರಿಂದ ಭಾಗಿಸಿದರೆ 9.6 ಗಂಟೆ, 42.5ರಿಂದ ಭಾಗಿಸಿದರೆ ಸುಮಾರು 8.47. ವ್ಯತ್ಯಾಸ ಒಂದು ಗಂಟೆ ಅಲ್ಲವೇ ಅಲ್ಲ. ಈ ತಪ್ಪಿಗೆ ಬುದ್ಧಿ ಕಾರಣವಲ್ಲ, ಸ್ಕೇಲು ಇಲ್ಲದೆ ಅವಸರದಲ್ಲಿ ಎಳೆದ ಗಿಡ್ಡ ಗೆರೆ ಕಾರಣ. ಗೆರೆಯನ್ನು ಮೊದಲು ಎಳೆದು, ಆಮೇಲೆ ಅದರ ಮೇಲೆ ಸಂಖ್ಯೆ ಬರೆಯಿರಿ ಎನ್ನುತ್ತಿದ್ದರು. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಸರಿಯಾಗಿ ಮಾಡಿದವರಿಗೆ 40 ಮತ್ತು −45 ಸಿಗುತ್ತದೆ. "ಮೈನಸ್ ರೈಲು ಹಾಸನಕ್ಕೆ ಬರಲ್ಲ ಸಾರ್, ವಾಪಸ್ ಅರಸೀಕೆರೆಗೆ ಹೋಗುತ್ತೆ" ಎಂದು ನಗುತ್ತಾ −45ನ್ನು ಹೊಡೆದುಹಾಕುವುದು ವಾಡಿಕೆ. ಆದರೆ ಮೇಷ್ಟ್ರಿಗೆ ಅದನ್ನು ಬಿಸಾಡಲು ಮನಸ್ಸಿಲ್ಲ. ಲೆಕ್ಕವನ್ನು ತಿರುಗಿಸಿ ಓದಿ: ವೇಗ 5 ಕಡಿಮೆಯಾದರೆ ಒಂದು ಗಂಟೆ ತಡವಾಗುವ ರೈಲಿನ ವೇಗ ಎಷ್ಟು? 45. ಎಂಟು ಗಂಟೆಯ ದಾರಿಗೆ ಒಂಬತ್ತು ಗಂಟೆ. ನಾವು ಕೇಳದೇ ಇದ್ದ ಪ್ರಶ್ನೆಗೂ ಸಮೀಕರಣ ಉತ್ತರ ಕೊಟ್ಟು ಕೂತಿರುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ ಎಂದೂ ಅವರೇ ಹೇಳುತ್ತಿದ್ದರು.

7 ÷ 0 = 7 ಎಂದು ಬರೆದವರಿಗೆ ಬೈಗುಳ ಇರಲಿಲ್ಲ, ಒಳ್ಳೆಯ ಸಹವಾಸವಿತ್ತು. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರೂ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದೇ ಹೇಳಿದ್ದರು. ಯಾರಿಗೂ ಹಂಚದಿದ್ದರೆ ಇದ್ದದ್ದು ಇದ್ದಂತೆಯೇ ಉಳಿಯುತ್ತದಲ್ಲ ಎಂಬ ತರ್ಕ ಹುಡುಗರದು. ಅದು ಮುರಿಯಲು ಮೂರು ಸಾಲು ಸಾಕು: 0.1ರಿಂದ ಭಾಗಿಸಿದರೆ 70, 0.01ರಿಂದ 700, 0.001ರಿಂದ 7000. ಸೊನ್ನೆಯ ಹತ್ತಿರ ಹೋದಷ್ಟೂ ಉತ್ತರ ಬೆಳೆಯುತ್ತಲೇ ಹೋಗುವಾಗ, ಸೊನ್ನೆ ಮುಟ್ಟಿದೊಡನೆ ಅದು 7ಕ್ಕೆ ಏಕೆ ಬೀಳಬೇಕು? ಇದೇ ಮಹಾವೀರಾಚಾರ್ಯರು ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವರೂ ಹೌದು. ಶೋಧಕ, ಅಂದರೆ ವರ್ಗ ಸಮೀಕರಣದ ಸೂತ್ರದಲ್ಲಿ ವರ್ಗಮೂಲದೊಳಗಿನ ಸಂಖ್ಯೆ, ಋಣವಾಗಿ ಬಂದ ದಿನ ಅವರ ಹೆಸರು ಗೌರವದಿಂದ ಮರಳಿ ಬರುತ್ತಿತ್ತು.

ರಚನೆಯ ಪಾಠದ ಮೊದಲ ದಿನ ಮಾತ್ರ ಮಂಗಳಾರತಿ ಖಚಿತ. "ಹಾಸನಾಂಬೆ ಬಾಗಿಲು ತೆಗೆದಂಗೆ ವರ್ಷಕ್ಕೊಂದ್ಸಲ ಜಾಮಿಟ್ರಿ ಬಾಕ್ಸ್ ತೆಗೀತೀರಲ್ರೋ!" ದೀಪ ಉರಿಯುತ್ತಿರುವುದಿಲ್ಲ, ಕೈವಾರಕ್ಕೆ ತುಕ್ಕು ಹಿಡಿದಿರುತ್ತದೆ. 3 ಸೆಂ.ಮೀ. ತ್ರಿಜ್ಯದ ವೃತ್ತ, ಕೇಂದ್ರದಿಂದ 5 ಸೆಂ.ಮೀ. ದೂರದ ಬಿಂದುವಿನಿಂದ ಸ್ಪರ್ಶಕ. ಉದ್ದ ಸರಿಯಾಗಿ 4 ಬರಬೇಕು. ಒಂದು 4.2, ಇನ್ನೊಂದು 3.8 ಬಂದರೆ ಕೈವಾರದ ತಿರುಪು ಸಡಿಲ, ಇಲ್ಲವೇ ಪೆನ್ಸಿಲ್ ಮೊಂಡು.

ಎಲ್ಲಕ್ಕಿಂತ ಗದ್ದಲದ ಪಾಠ ಎಂದರೆ ತ್ರಿಕೋನಮಿತಿಯ ಅನ್ವಯ, ಏಕೆಂದರೆ ಅದು ಮೈದಾನದಲ್ಲಿ. ಉಪಕರಣಕ್ಕೆ ಬೇಕಾದದ್ದು ಒಂದು ಕೋನಮಾಪಕ, ಖಾಲಿ ಪೆನ್ನಿನ ಕೊಳವೆ, ಒಂದಡಿ ದಾರ, ಸೈಕಲ್ ಅಂಗಡಿಯ ಒಂದು ನಟ್ಟು. ಕೊಳವೆಯನ್ನು ಕೋನಮಾಪಕದ ನೇರ ಅಂಚಿಗೆ ಟೇಪು ಹಚ್ಚಿ ಕೂರಿಸಿ, ಮಧ್ಯದ ತೂತಿನಿಂದ ದಾರ ಇಳಿಬಿಟ್ಟು, ತುದಿಗೆ ನಟ್ಟು ಕಟ್ಟಬೇಕು. ದಾರವನ್ನು ಅಂಚಿಗೆ ಕಟ್ಟಿದರೆ ಕೆಟ್ಟಿತು. ಎಷ್ಟೋ ಕೋನಮಾಪಕಗಳಲ್ಲಿ ಸೊನ್ನೆಯ ಗೆರೆ ಅಂಚಿನಲ್ಲಿರುವುದಿಲ್ಲ, ಸ್ವಲ್ಪ ಒಳಗಿರುತ್ತದೆ. ದಾರ ಅಲ್ಲಿಂದಲೇ ತೂಗಬೇಕು. ಕೊಳವೆಯಲ್ಲಿ ಕಂಬದ ತುದಿ ನೋಡುವವರು ಒಬ್ಬರು, ದಾರ ನಿಂತ ಮೇಲೆ ಬೆರಳಿನಿಂದ ಒತ್ತಿ ಹಿಡಿದು ಅಂಕಿ ಓದುವವರು ಇನ್ನೊಬ್ಬರು. ಒಬ್ಬರೇ ಎರಡೂ ಮಾಡಹೋದರೆ ತಲೆ ಅಲ್ಲಾಡಿ ದಾರ ಓಡುತ್ತದೆ. ಗಾಳಿ ಜೋರಿದ್ದರೆ ಎರಡು ನಟ್ಟು.

ಧ್ವಜಸ್ತಂಭದಿಂದ 10 ಮೀಟರ್ ದೂರ ನಿಂತು ನೋಡಿದಾಗ ದಾರ 58 ಡಿಗ್ರಿ ತೋರಿಸಿತು ಎನ್ನಿ. ಪಿಯುಸಿಯವರ ಲಾಗ್ ಟೇಬಲ್ ತೆರೆದರೆ 58 ಡಿಗ್ರಿಯ ಟ್ಯಾನ್, ಅಂದರೆ ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ, 1.6003. ಹತ್ತರಿಂದ ಗುಣಿಸಿ, ಕಣ್ಣಿನ ಎತ್ತರ 1.4 ಮೀಟರ್ ಸೇರಿಸಿದರೆ 17.4 ಮೀಟರ್, ಅಂದರೆ 57 ಅಡಿ. "ಶ್ರವಣಬೆಳಗೊಳಕ್ಕೆ ಯಾಕೆ ಹೋಗ್ತೀರಿ, ಗೊಮ್ಮಟನಷ್ಟೇ ಎತ್ತರದ ಕಂಬ ನಮ್ಮ ಸ್ಕೂಲಲ್ಲೇ ಇದೆ!" ದಾರ ತೂಗುವುದು ನೇರ ಕೆಳಕ್ಕೆ, ಉನ್ನತ ಕೋನ ಅಳೆಯುವುದು ಅಡ್ಡಗೆರೆಯಿಂದ. ಹಾಗಾಗಿ ಓದಿದ್ದನ್ನು 90ರಿಂದ ಕಳೆಯಬೇಕು. 32 ಡಿಗ್ರಿಯ ಟ್ಯಾನ್ 0.6249, ಎತ್ತರ 6.25 ಕೂಡಿಸು 1.4, ಅಂದರೆ 7.65 ಮೀಟರ್. ಪ್ರತಿ ಬ್ಯಾಚಿನಲ್ಲೂ ಒಂದು ತಂಡವಾದರೂ ಗೊಮ್ಮಟನನ್ನು ನಿಲ್ಲಿಸಿಯೇ ತೀರುತ್ತಿತ್ತು. ಉಳಿದ ತಂಡಗಳು ಕಣ್ಣಿನ ಎತ್ತರ ಮರೆತು ಕಂಬವನ್ನು ಗಿಡ್ಡ ಮಾಡುತ್ತಿದ್ದವು, ಇಲ್ಲವೇ ಟೇಪನ್ನು ಕಂಬದ ಬುಡದವರೆಗೆ ಒಯ್ಯದೆ ಕಟ್ಟೆಯ ಅಂಚಿಗೇ ನಿಲ್ಲಿಸುತ್ತಿದ್ದವು.

ಎಲ್ಲಿ ನಿಲ್ಲಬೇಕು ಎಂಬುದಕ್ಕೂ ಲೆಕ್ಕವಿದೆ. ಕೋನ 45ರ ಆಸುಪಾಸಿನಲ್ಲಿದ್ದರೆ ಒಂದು ಡಿಗ್ರಿ ತಪ್ಪು ಓದಿದರೂ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ ಶೇ. 3.5ರಷ್ಟೇ ತಪ್ಪುತ್ತದೆ. ದೂರ ಹೋಗಿ ಕೋನ 15 ಆದರೆ ಅದೇ ಒಂದು ಡಿಗ್ರಿಗೆ ಶೇ. 7. ತೀರಾ ಹತ್ತಿರ ನಿಂತರೂ ತಪ್ಪು ಏರುತ್ತದೆ, ಕುತ್ತಿಗೆಯೂ ನೋಯುತ್ತದೆ. ನೆರಳಿನಿಂದ ಅಳೆಯಬಹುದಲ್ಲ ಎಂದು ಕೇಳುವ ಜಾಣರಿಗೆ ಆಷಾಢದ ಮೋಡ ತೋರಿಸಿದರಾಯಿತು.

ಕೊನೆಯ ತೀರ್ಪು ಪಿ.ಟಿ. ಮೇಷ್ಟ್ರದು. ಬಾವುಟದ ಹಗ್ಗಕ್ಕೆ ಟೇಪಿನ ತುದಿ ಕಟ್ಟಿ ರಾಟೆಯವರೆಗೆ ಏರಿಸಿದರೆ 7.5 ಮೀಟರ್. ನಮ್ಮ ಲೆಕ್ಕಕ್ಕೂ ಅದಕ್ಕೂ 15 ಸೆಂ.ಮೀ. ಅಂತರ. 10 ಮೀಟರ್ ದೂರದಿಂದ ಒಂದು ಡಿಗ್ರಿ ತಪ್ಪು ಓದಿದರೇ 24 ಸೆಂ.ಮೀ. ಹೋಗುತ್ತದೆ, ಇದು ಕ್ಷಮಾರ್ಹ ಎಂದು ಗಣಿತದ ಮೇಷ್ಟ್ರು ಹೇಳುವಷ್ಟರಲ್ಲಿ ಮುಂದಿನ ಬೆಂಚಿನವಳೊಬ್ಬಳು ಮೇಲೆ ಕೈ ತೋರಿಸಿದಳು. ನಾವು ನೋಡಿದ್ದು ಕಂಬದ ತುದಿಯ ಗುಂಡನ್ನು. ರಾಟೆ ಇರುವುದು ಅದಕ್ಕಿಂತ ಅರ್ಧ ಅಡಿ ಕೆಳಗೆ.