ಕಪ್ಪೋ, ಬಿಳುಪೋ?

ಪ್ರಾಚೀನ ಈಜಿಪ್ಟಿನ ಚಿತ್ರಕ್ಕೆ ಬಣ್ಣ ತುಂಬ್ತಾ ಕೂತಿದ್ದ ಮಗಳು ಇವತ್ತು ಕೇಳಿದ್ಲು: "ಅಪ್ಪಾ, ಇವ್ರು ಕಪ್ಪೋ, ಬಿಳುಪೋ?"

ವಿದ್ವಾಂಸರೇ ತಲೆತಲಾಂತರದಿಂದ ಕಿತ್ತಾಡ್ತಿರೋ ಪ್ರಶ್ನೆ.

ನಂಗೆ ತಕ್ಷಣ ನೆನಪಾಗಿದ್ದು ಈಜಿಪ್ಟಿನ ನುವೈರತ್ ಅನ್ನೋ ಊರಲ್ಲಿ ಸಿಕ್ಕ ಒಬ್ಬ ಮನುಷ್ಯ. 4,500 ವರ್ಷಕ್ಕೂ ಹಿಂದಿನವನು. ದೊಡ್ಡ ಮಡಕೆಯೊಳಗಿಟ್ಟು ಹೂತಿದ್ರು. 2025ರಲ್ಲಿ ಅವನ ಹಲ್ಲಿನಿಂದ ಪೂರ್ತಿ ಡಿಎನ್‌ಎ ಓದಿದ ವರದಿ ಬಂತು. ಅವನ ವಂಶಮೂಲದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಉತ್ತರ ಆಫ್ರಿಕಾದ್ದು, ಉಳಿದದ್ದು ಮೆಸೊಪೊಟೇಮಿಯಾ ಕಡೆಯದ್ದು. ಕೂತು, ಬಗ್ಗಿ ದುಡಿದೂ ದುಡಿದೂ ಮೂಳೆ ಸವೆದಿದೆ. ಕುಂಬಾರ ಇದ್ದಿರಬಹುದು ಅಂತಾರೆ. ಎಷ್ಟು ಹತ್ತಿರದವನು ಅನಿಸ್ತು.

ಆದ್ರೆ ಒಬ್ಬನೇ ಇಡೀ ಈಜಿಪ್ಟ್ ಆಗಲ್ಲ. 2017ರಲ್ಲಿ ಈಜಿಪ್ಟಿನದೇ ಇನ್ನೊಂದು ಊರು ಅಬುಸಿರ್ ಎಲ್-ಮೆಲೆಕ್‌ನ ಮಮ್ಮಿಗಳು ಡಿಎನ್‌ಎಯಲ್ಲಿ ಪಶ್ಚಿಮ ಏಷ್ಯಾಕ್ಕೆ ಹತ್ತಿರ ಅಂತ ಗೊತ್ತಾದಾಗ ಎಷ್ಟೋ ಜನ ವಾದವೇ ಮುಗೀತು ಅಂದ್ರು. ಅದೂ ಒಂದೇ ಊರು, ಅದೂ ನುವೈರತ್‌ನವನಿಗಿಂತ ಬಹಳ ಈಚಿನ ಕಾಲದ್ದು. ನೈಲ್ ಉದ್ದಕ್ಕೂ ದಕ್ಷಿಣಕ್ಕೆ ಹೋದ್ರೆ ಅಸ್ವಾನ್, ಅದರಾಚೆ ನೂಬಿಯಾ, ಈಗಿನ ಸುಡಾನ್ ಕಡೆ. ಅಲ್ಲಿಯ ತಹರ್ಕ ಫರೋ, ಅಂದ್ರೆ ಈಜಿಪ್ಟಿನ ರಾಜ ಆಗಿ ಇಡೀ ಈಜಿಪ್ಟ್ ಆಳಿದ.

ಆಫ್ರಿಕಾದವರೆಲ್ಲ ಒಂದೇ ಥರ ಇರ್ತಾರೆ ಅಂದುಕೊಂಡು, ಆಮೇಲೆ ಈಜಿಪ್ಟನ್ನ ಆ ಖಂಡದಿಂದಲೇ ಹೊರಗಿಡೋದು ನೋಡಿದ್ರೆ ಸಿಟ್ಟು ಬರುತ್ತೆ.

ದಕ್ಷಿಣದ ಹಳೇ ಸಮಾಧಿಗಳ ಹಲ್ಲುಗಳನ್ನೂ ಹೀಗೇ ಓದಲಿ. ಕಾಯ್ತಿದ್ದೀನಿ.